ಟೀವಿ ಆನ್ ಆಗ್ತಿಲ್ಲವೇ? ಮೊದಲು ಹೊರಗೆ ನೋಡೋಣ

(ಜೆ.ಪಿ. ನಗರದ ಮಹಿಳಾ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಆಡಿದ ಮಾತುಗಳು)



ಒಂದು ಸಂಘದ ವಾರದ ಸಭೆಗೆ ನಾವು ಹೋಗಿದ್ದಾಗ ಸದಸ್ಯೆಯೊಬ್ಬರು ಹೊಸ ಟೀವಿಗೆ ಸಾಲ ಕೇಳಿದರು. "ಹಳೇದಕ್ಕೆ ಏನಾಯ್ತಮ್ಮ?" ಅಂದೆವು. "ಸತ್ತೋಯ್ತು ಮೇಡಂ, ಆನೇ ಆಗ್ತಿಲ್ಲ" ಅಂದರು. ಅವರು ಕೆಲಸ ಮಾಡುವ ಮನೆಯವರು ಗೋಡೆಗೆ ಹಾಕುವ ತೆಳು ಟೀವಿ ತಂದಾಗ ಇವರಿಗೆ ಕೊಟ್ಟ ಟ್ಯೂಬ್ ಟೀವಿ ಅದು. ನಮ್ಮಲ್ಲಿ ಎಷ್ಟೋ ಮನೆಗೆ ಟೀವಿ ಬಂದದ್ದೇ ಹೀಗೆ.

ಸಭೆ ಮುಗಿಸಿ ಅವರ ಮನೆಗೆ ಹೋಗಿ ನೋಡಿದೆವು. ಟೀವಿ ಚೆನ್ನಾಗಿಯೇ ಇತ್ತು. ಎಕ್ಸ್‌ಟೆನ್ಷನ್ ಬಾಕ್ಸಿನ ಒಂದು ಸಾಕೆಟ್ ಒಳಗೇ ಸುಟ್ಟು ಕರ್ರಗಾಗಿತ್ತು. ಟೀವಿಯ ಪ್ಲಗ್ ತೆಗೆದು ಗೋಡೆಯ ಸಾಕೆಟ್ಟಿಗೆ ಹಾಕಿದೆವು, ಬಂತು. ಆದರೆ ಮೂರು ದಿನದಿಂದ ಆಕೆಗೆ "ನೀನೇ ಏನೋ ಒತ್ತಿ ಕೆಡಿಸಿದೆ" ಅಂತ ಮನೆಯಲ್ಲಿ ಬೈಗುಳ. ಮಗ ಬೇರೆ ಸ್ಕ್ರೂ ಡ್ರೈವರ್ ಹಿಡಿದು ಹಿಂದಿನ ಮುಚ್ಚಳ ಬಿಚ್ಚಲು ಕೂತಿದ್ದ. ಸಾಲ ಉಳಿಯಿತು, ಸರಿ. ಆ ಹುಡುಗ ಮುಚ್ಚಳ ಬಿಚ್ಚಲಿಲ್ಲವಲ್ಲ, ಅದು ನಮಗೆ ಇನ್ನೂ ದೊಡ್ಡ ಸಮಾಧಾನ.

ಬೈಬಲಿನಲ್ಲಿ ಕಳೆದುಹೋದ ನಾಣ್ಯದ ಸಾಮತಿ ಇದೆ. ಆ ಹೆಣ್ಣುಮಗಳು ಅಳುತ್ತ ಕೂರಲಿಲ್ಲ, ಸಾಲಕ್ಕೂ ಓಡಲಿಲ್ಲ. ದೀಪ ಹಚ್ಚಿ, ಮನೆ ಗುಡಿಸಿ, ಮೂಲೆ ಮೂಲೆ ಹುಡುಕಿದಳು. ಕೆಟ್ಟ ಟೀವಿಯನ್ನೂ ಹಾಗೆಯೇ ಒಂದೊಂದಾಗಿ ನೋಡಬೇಕು. ಕೈ ಒಣಗಿರಲಿ. ಪ್ಲಗ್ ಹಾಕುವಾಗ, ತೆಗೆಯುವಾಗ ಸ್ವಿಚ್ ಆಫ್ ಇರಲಿ.

ಮೊದಲನೆಯದು ಕರೆಂಟು. ಟೀವಿಯ ಸಾಕೆಟ್ಟಿಗೇ ಮೊಬೈಲ್ ಚಾರ್ಜರ್ ಹಾಕಿ ನೋಡಿ. ಚಾರ್ಜ್ ಆಗದಿದ್ದರೆ ತಪ್ಪು ಸಾಕೆಟ್ಟಿನದು, ಟೀವಿಯದಲ್ಲ. ಮನೆಯಲ್ಲಿ ಸ್ಟೆಬಿಲೈಸರ್ ಇದ್ದರೆ ಅದರೊಳಗೂ ಫ್ಯೂಸ್ ಇರುತ್ತದೆ, ಅದೂ ಹೋಗಿರಬಹುದು. ಆದ್ದರಿಂದ ಒಂದು ಸಲ ಸ್ಟೆಬಿಲೈಸರ್, ಎಕ್ಸ್‌ಟೆನ್ಷನ್ ಎರಡನ್ನೂ ಬಿಟ್ಟು, ಚೆನ್ನಾಗಿರುವ ಬೇರೆ ಸಾಕೆಟ್ಟಿಗೆ ನೇರವಾಗಿ ಹಾಕಿ ನೋಡಿ. ವೈರನ್ನು ಇಲಿ ಕಡಿದಿದ್ದರೆ ಅಥವಾ ಪ್ಲಗ್ಗಿನ ಹತ್ತಿರ ಮುರಿದಿದ್ದರೆ ಅದನ್ನು ಬಳಸಲೇಬೇಡಿ.

ಎರಡನೆಯದು ಟೀವಿಯ ಮೇಲಿರುವ ದೊಡ್ಡ ಬಟನ್. ಮಕ್ಕಳು ಅದನ್ನು ಒತ್ತಿ ಆಫ್ ಮಾಡಿದ್ದರೆ ರಿಮೋಟ್ ಎಷ್ಟು ಒತ್ತಿದರೂ ಟೀವಿ ಏಳುವುದಿಲ್ಲ. ಬಟನ್ ಒತ್ತಿದಾಗ ಕೆಂಪು ದೀಪ ಹತ್ತಿತಾ? ಹತ್ತಿದರೆ ಕರೆಂಟು ಟೀವಿಯೊಳಗೆ ಹೋಗುತ್ತಿದೆ ಎಂದರ್ಥ.

ಮೂರನೆಯದು ರಿಮೋಟ್. ಮೊಬೈಲ್ ಕ್ಯಾಮರಾದ ಎದುರು ರಿಮೋಟ್ ಹಿಡಿದು ಒತ್ತಿ. ತುದಿಯ ಚಿಕ್ಕ ಬಲ್ಬು ಪರದೆಯಲ್ಲಿ ಮಿನುಗಿದರೆ ರಿಮೋಟ್ ಸರಿ ಇದೆ. ಕೆಲವು ಫೋನಿನಲ್ಲಿ ಮುಂದಿನ ಕ್ಯಾಮರಾದಲ್ಲಿ ಮಾತ್ರ ಕಾಣುತ್ತದೆ. ಕಾಣದಿದ್ದರೆ ಸೆಲ್ ಬದಲಿಸಿ. ಟೀವಿಯ ಮೇಲಿನ ಚಾನೆಲ್ ಬಟನ್ ಒತ್ತಿಯೂ ನೋಡಿ, ಬಹಳ ಟೀವಿಗಳು ಅದಕ್ಕೇ ಎದ್ದುಬಿಡುತ್ತವೆ.

ನಾಲ್ಕನೆಯದು, ಟೀವಿ ಆನ್ ಆಗಿದೆ, ಚಿತ್ರ ಮಾತ್ರ ಇಲ್ಲ. 2013ರಲ್ಲಿ ಬೆಂಗಳೂರಿನ ಕೇಬಲ್ ಡಿಜಿಟಲ್ ಆದಾಗಿನಿಂದ ಸೆಟ್‌ಟಾಪ್ ಬಾಕ್ಸ್ ಬೇಕೇ ಬೇಕು. ಬಾಕ್ಸ್ ಆನ್ ಇದೆಯೇ, ಅದರ ವೈರ್‌ಗಳು ಸಡಿಲವಾಗಿವೆಯೇ, ಟೀವಿ ಎವಿಯಲ್ಲಿ ಇದೆಯೇ ನೋಡಿ.

ಇಷ್ಟಾದರೂ ಬರಲಿಲ್ಲವೇ? ಅಲ್ಲಿಗೆ ನಮ್ಮ ಕೆಲಸ ಮುಗಿಯಿತು. ಹಿಂದಿನ ಮುಚ್ಚಳವೇ ನಮಗೆ ಲಕ್ಷ್ಮಣರೇಖೆ. ಕಲರ್ ಟೀವಿ ಓಡುವಾಗ ಪಿಕ್ಚರ್ ಟ್ಯೂಬಿಗೆ 20,000 ವೋಲ್ಟಿಗೂ ಮೇಲೆ ಹೋಗುತ್ತದೆ. ಪ್ಲಗ್ ಕಿತ್ತ ಮೇಲೂ ಅದು ಟ್ಯೂಬಿನಲ್ಲಿ ಉಳಿದಿರಬಹುದು. ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ ಬೇರೆ 300 ವೋಲ್ಟಿನಷ್ಟು ಕೂತಿರುತ್ತದೆ. "ಕರೆಂಟು ತೆಗೆದಿದೀನಲ್ಲ" ಅನ್ನುವ ಧೈರ್ಯ ಇಲ್ಲಿ ನಡೆಯುವುದಿಲ್ಲ. ಗಂಡನಾಗಲಿ ಮಗನಾಗಲಿ ಮುಚ್ಚಳಕ್ಕೆ ಕೈ ಹಾಕಿದರೆ ದಯವಿಟ್ಟು ತಡೆಯಿರಿ. ಫ್ಯೂಸ್ ಜಾಗಕ್ಕೆ ತಂತಿ ಸುತ್ತುವುದೂ ಬೇಡ. ಒಳಗೆ ಶಾರ್ಟ್ ಆದಾಗ ಬೆಂಕಿ ಹತ್ತದಿರಲಿ ಎಂದೇ ಫ್ಯೂಸ್ ಹೋಗುವುದು.

ಮೆಕ್ಯಾನಿಕ್ ಬಂದಾಗ ಸುಮ್ಮನೆ "ಕೆಟ್ಟಿದೆ" ಅನ್ನಬೇಡಿ, ನೋಡಿದ್ದನ್ನು ಹೇಳಿ. ಕೆಂಪು ದೀಪವೂ ಇಲ್ಲ ಎಂದರೆ ಅವರು ಫ್ಯೂಸ್, ಪವರ್ ಸಪ್ಲೈ ಕಡೆ ನೋಡುತ್ತಾರೆ. ಟಿಕ್ ಟಿಕ್ ಅಂತ ಶಬ್ದ ಬಂದು ಆನ್ ಆಗದಿದ್ದರೆ ಪವರ್ ಸಪ್ಲೈ ಏಳಲು ಹೋಗಿ ಬೀಳುತ್ತಿರುತ್ತದೆ, ಒಳಗೆ ಶಾರ್ಟ್ ಇರಬಹುದು. ಒಂದೇಟು ಹೊಡೆದರೆ ಬರುತ್ತದೆ ಎಂದರೆ ಬೆಸುಗೆ ಬಿಟ್ಟಿರಬಹುದು. ಹೊಡೆಯುತ್ತಲೇ ಓಡಿಸಬೇಡಿ. ಸುಟ್ಟ ವಾಸನೆ ಬಂದರೆ ತಕ್ಷಣ ಆಫ್ ಮಾಡಿ. ಮೊದಲೇ ಖರ್ಚು ಕೇಳಿ, ತೆಗೆದ ಹಳೆ ಪಾರ್ಟನ್ನು ತೋರಿಸಲು ಹೇಳಿ. ಫ್ಯೂಸ್, ಕೆಪಾಸಿಟರ್, ಸ್ವಿಚ್, ಬೆಸುಗೆ ಇವೆಲ್ಲ ಸಣ್ಣ ಕೆಲಸ. ಪಿಕ್ಚರ್ ಟ್ಯೂಬೇ ಹೋಗಿದ್ದರೆ ದುಡ್ಡು ಸುರಿಯುವುದು ದಂಡ.

ಹಾಗೆ ಹೋದ ಟೀವಿಯನ್ನು ರಸ್ತೆ ಬದಿಗೆ ಎಸೆಯಬೇಡಿ. ಒಳಗಿನ ತಾಮ್ರಕ್ಕಾಗಿ ಯಾರೋ ಟ್ಯೂಬ್ ಒಡೆಯುತ್ತಾರೆ. ಒಳಗೆ ಗಾಳಿ ಇಲ್ಲದ ಕಾರಣ ಗಾಜು ಸಿಡಿದು ಕಣ್ಣಿಗೇ ಬೀಳಬಹುದು. ಆ ಗಾಜಿನಲ್ಲಿ ಸೀಸವೂ ಇದೆ, ಅದು ಮಣ್ಣಿಗೆ, ನೀರಿಗೆ ವಿಷ. ಇದಕ್ಕೆಂದೇ ಇ-ತ್ಯಾಜ್ಯ ನಿಯಮಗಳಿವೆ, 2022ರ ಹೊಸ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಪರವಾನಗಿ ಇರುವ ಇ-ತ್ಯಾಜ್ಯದವರಿಗೇ ಕೊಡಿ. ನಾಲ್ಕೈದು ಮನೆಯದು ಸೇರಿಸಿ ಸಂಘದಿಂದಲೇ ಕೊಟ್ಟರೆ ಸುಲಭ. ಎತ್ತುವಾಗ ಇಬ್ಬರಿರಲಿ, ಟೀವಿಯ ಭಾರವೆಲ್ಲ ಮುಂಭಾಗದಲ್ಲೇ. ಚಿಕ್ಕ ಸ್ಟೂಲಿನ ಮೇಲಿಟ್ಟರೆ ಮಗುವಿನ ಮೇಲೆ ಮಗುಚಬಹುದು, ಇದೂ ನೆನಪಿರಲಿ.

ಕೊನೆಯ ಮಾತು. ಟೀವಿ ಬೇಡ ಎಂದು ನಾವು ಹೇಳುತ್ತಿಲ್ಲ. ದಿನವಿಡೀ ದುಡಿದು ಬಂದವರು ಅರ್ಧ ಗಂಟೆ ಕೂತು ನೋಡಿದರೆ ತಪ್ಪೇನು? ಆದರೆ ಸಂಘದ ಹಣ ನಮ್ಮೆಲ್ಲರ ಬೆವರಿನ ಹಣ. ಇನ್ನು ಮುಂದೆ ಯಾರಾದರೂ ಹೊಸ ಟೀವಿಗೆ ಸಾಲ ಕೇಳಿದರೆ, ನಡಾವಳಿ ಪುಸ್ತಕದಲ್ಲಿ ಬರೆಯುವ ಮೊದಲು ಇಬ್ಬರು ಸದಸ್ಯೆಯರು ಹೋಗಿ ಈ ನಾಲ್ಕು ವಿಷಯ ನೋಡಿ ಬರಲಿ. ನಿಜಕ್ಕೂ ಕೆಟ್ಟಿದ್ದರೆ ಸಾಲ ಕೊಡೋಣ. ಸಾಕೆಟ್ ಸುಟ್ಟಿದ್ದರೆ ಹೊಸ ಸಾಕೆಟ್ ಹಾಕಿಸೋಣ. "ನೀನೇ ಕೆಡಿಸಿದೆ" ಅಂತ ಬೈದವರಿಗೆ ಆ ಸುಟ್ಟ ಸಾಕೆಟ್ಟನ್ನು ತಪ್ಪದೆ ತೋರಿಸೋಣ.