ಖಾಲಿ ಕೋವಿ ಎಂಬುದಿಲ್ಲ



ಆರು ದಿನ ಲೋಕಲ್ ಗಾಡಿಯಲ್ಲಿ ನೇತಾಡಿದ ಮುಂಬೈಕರ್ ಏಳನೆಯ ದಿನ ಹೊದ್ದು ಮಲಗುವುದೇ ನ್ಯಾಯ. ಆದರೆ ನಾನು ಭಾನುವಾರವೂ ಬೇಗ ಎದ್ದು ರೈಫಲ್ ಶೂಟಿಂಗ್ ರೇಂಜಿಗೆ ಹೋಗುತ್ತೇನೆ. ಐವತ್ತು ದಾಟಿದ ಮೇಲೆ ಹಿಡಿದ ಹುಚ್ಚು ಇದು. "ಈ ವಯಸ್ಸಿನಲ್ಲಿ ಯಾರ ಮೇಲೆ ಯುದ್ಧಕ್ಕೆ ಹೊರಟಿದ್ದೀರಿ?" ಎಂದು ನಮ್ಮ ಮನೆಯವಳು ಕೇಳಿದ್ದುಂಟು.

ಯುದ್ಧವೇನೂ ಇಲ್ಲ. ನನ್ನದು ಹತ್ತು ಮೀಟರ್ ಏರ್ ರೈಫಲ್. ಮದ್ದಿಲ್ಲ, ಹೊಗೆಯಿಲ್ಲ, ಒತ್ತಿ ತುಂಬಿದ ಗಾಳಿಯೇ ಸೀಸದ ಪೆಲೆಟ್ಟನ್ನು ತಳ್ಳುತ್ತದೆ. ಪೆಲೆಟ್ಟಿನ ಅಡ್ಡಳತೆ 4.5 ಮಿಲಿಮೀಟರ್. ಗುರಿಯ ನಟ್ಟನಡುವೆ ಇರುವ ಹತ್ತು ಅಂಕದ ಚುಕ್ಕೆ ಎಷ್ಟು ದೊಡ್ಡದು ಗೊತ್ತೇ? ಬರೀ ಅರ್ಧ ಮಿಲಿಮೀಟರ್, ಸಾಸಿವೆ ಕಾಳಿಗಿಂತ ಚಿಕ್ಕದು! ಅದನ್ನು ದೊಡ್ಡದಾಗಿ ತೋರಿಸುವ ದುರ್ಬೀನೂ ಇಲ್ಲ. ಐದೂವರೆ ಕಿಲೋ ವರೆಗೆ ತೂಗಬಹುದಾದ ರೈಫಲನ್ನು ನಿಂತೇ ಹಿಡಿಯಬೇಕು. ತೋಳಿನ ಬಲವನ್ನು ನಂಬಿದರೆ ಕೆಟ್ಟಿರಿ. ನಮ್ಮೂರ ಹೆಂಗಸರು ಕೊಡವನ್ನು ಸೊಂಟಕ್ಕೆ ಆನಿಸುವ ಹಾಗೆ, ಎಡ ಮೊಣಕೈಯನ್ನು ಸೊಂಟದ ಮೂಳೆಗೆ ಊರಿ ಭಾರವನ್ನು ಎಲುಬಿಗೆ ಬಿಡಬೇಕು. ಆಗಲೂ ಎದೆ ಬಡಿತಕ್ಕೇ ನಳಿಗೆಯ ತುದಿ ಅಲುಗುತ್ತದೆ.

ಇನ್ನು ನನ್ನ ತಪ್ಪಿನ ಕಥೆ ಹೇಳುತ್ತೇನೆ. ಸೇರಿ ಮೂರು ತಿಂಗಳಾಗಿತ್ತು. ಸಾಲಿನಲ್ಲಿ ನಿಂತಿದ್ದಾಗ ಹಿಂದಿನಿಂದ ಯಾರೋ, "ನೀವು ಕನ್ನಡದವರಾ?" ಎಂದರು. ಪರವೂರಿನಲ್ಲಿ ಈ ಮಾತು ಕಿವಿಗೆ ಬಿದ್ದರೆ ಆಗುವ ಹಿಗ್ಗು ನಿಮಗೂ ಗೊತ್ತು. ಗಕ್ಕನೆ ತಿರುಗಿದೆ, ರೈಫಲ್ ಕೈಯಲ್ಲಿರುವಾಗಲೇ. ನಳಿಗೆ ಆ ಮನುಷ್ಯರನ್ನೂ, ಪಕ್ಕದಲ್ಲಿ ಕುಳಿತಿದ್ದ ಹನ್ನೆರಡರ ಹುಡುಗಿಯೊಬ್ಬಳನ್ನೂ ಸವರಿಕೊಂಡು ಹೋಯಿತು.

"ಸ್ಟಾಪ್!" ಎಂದರು ಕೋಚ್. ಇಡೀ ಸಾಲು ರೈಫಲ್ ಕೆಳಗಿಟ್ಟಿತು. "ಖಾಲಿ ಇದೆ ಸರ್" ಎಂದೆ. ಅವರು ಮಾತಾಡದೆ ರೈಫಲ್ ತೆಗೆದುಕೊಂಡು ತೆರೆದು ತೋರಿಸಿದರು. ಒಳಗೆ ಪೆಲೆಟ್ ಇತ್ತು. ನಾನೇ ಹಾಕಿದ್ದೆ, ನನಗೇ ನೆನಪಿರಲಿಲ್ಲ.

"ಖಾಲಿ ಇದೆ." ಈ ಮಾತು ನನಗೆ ಹೊಸದಲ್ಲ. ಸುಳ್ಯದ ಕಡೆಯ ನಮ್ಮ ತೋಟದ ಮನೆಯಲ್ಲಿ ಹಂದಿ, ಮಂಗಗಳ ಕಾಟಕ್ಕೆಂದು ಪರವಾನಗಿಯ ಕೋವಿ ಇತ್ತು. ಒಂದು ಮಧ್ಯಾಹ್ನ ದೊಡ್ಡಪ್ಪ ಅದನ್ನು ಒರೆಸುತ್ತಾ "ಇದು ಖಾಲಿ ಉಂಟು" ಎಂದರು. ಮರುಕ್ಷಣ ಮಾಡಿನ ಮೂರು ಹಂಚು ಪುಡಿಯಾಗಿ ಬಿದ್ದವು. ಅರ್ಧ ಗಂಟೆಯ ಮೊದಲು ಅದೇ ಜಾಗದಲ್ಲಿ ನನ್ನ ತಮ್ಮನ ತೊಟ್ಟಿಲಿತ್ತು. ದೊಡ್ಡಪ್ಪ ಆಮೇಲೆ ಕೋವಿ ಮುಟ್ಟಲಿಲ್ಲ. ಇಷ್ಟು ಕಂಡೂ ನಾನು ಅದೇ ಮಾತು ಆಡಿದ್ದೆ!

ಕೋಚ್ ಕೊಟ್ಟ ಶಿಕ್ಷೆ ನಾಲ್ಕು ವಾರ. ಬರಬೇಕು, ಹಿಂದೆ ಕುಳಿತು ನೋಡಬೇಕು, ರೈಫಲ್ ಮುಟ್ಟುವಂತಿಲ್ಲ. ನಾಚಿಕೆಯಿಂದಲೇ ಹೋದೆ. ಆದರೆ ಆ ನಾಲ್ಕು ವಾರದಲ್ಲಿ ಕಂಡದ್ದು ಮೂರು ತಿಂಗಳಲ್ಲಿ ಕಂಡಿರಲಿಲ್ಲ. ಚೆನ್ನಾಗಿ ಹೊಡೆಯುವವರು ಮತ್ತೆ ಮತ್ತೆ ರೈಫಲ್ ಎತ್ತುತ್ತಾರೆ, ಗುರಿ ಹಿಡಿಯುತ್ತಾರೆ, ಹೊಡೆಯದೆ ಇಳಿಸುತ್ತಾರೆ. ಉಸಿರು ಬಿಗಿಹಿಡಿದು ಹೆಚ್ಚು ಹೊತ್ತು ದಿಟ್ಟಿಸಿದರೆ ಕಣ್ಣು ಮಂಜಾಗುತ್ತದೆ, ಸ್ನಾಯು ನಡುಗುತ್ತದೆ. "ಹೇಗೂ ಎತ್ತಿದ್ದೇನೆ, ಹೊಡೆದೇ ಬಿಡೋಣ" ಎಂದು ಹೊಡೆದ ಗುಂಡು ದಾರಿ ತಪ್ಪುತ್ತದೆ. ಪಂದ್ಯದಲ್ಲಿ 60 ಗುಂಡಿಗೆ 75 ನಿಮಿಷ ಕೊಡುತ್ತಾರೆ. ಆ ಸಮಯ ಇರುವುದು ಹೊಡೆಯುವುದಕ್ಕಷ್ಟೇ ಅಲ್ಲ, ಇಳಿಸುವುದಕ್ಕೂ.

ನಮ್ಮ ಚಿಕ್ಕಬಳ್ಳಾಪುರದಲ್ಲಿ ಹುಟ್ಟಿದ ಸುಮಾ ಶಿರೂರು 2004ರಲ್ಲಿ ಕೌಲಾಲಂಪುರದ ಏಷ್ಯನ್ ಚಾಂಪಿಯನ್‌ಷಿಪ್ಪಿನ ಅರ್ಹತಾ ಸುತ್ತಿನಲ್ಲಿ 400ಕ್ಕೆ 400 ಅಂಕ ಪಡೆದರು. ನಲವತ್ತು ಗುಂಡು, ನಲವತ್ತೂ ಹತ್ತು! ಬೀಜಿಂಗಿನಲ್ಲಿ 2008ರಲ್ಲಿ ಚಿನ್ನ ಗೆದ್ದ ಅಭಿನವ್ ಬಿಂದ್ರಾ ಅವರ ಕೊನೆಯ ಗುಂಡು 10.8, ಒಂದು ಗುಂಡಿಗೆ ಸಿಗಬಹುದಾದ ಗರಿಷ್ಠ ಅಂಕ 10.9. ಟಿವಿಯಲ್ಲಿ ನಮಗೆ ಕಾಣುವುದು ಹೊಡೆದ ಗುಂಡು ಮಾತ್ರ. ಹೊಡೆಯದೆ ಇಳಿಸಿದ್ದರ ಲೆಕ್ಕ ಯಾರೂ ಇಡುವುದಿಲ್ಲ.

ನಿಮ್ಮ ಮಗನೋ ಮಗಳೋ ಶೂಟಿಂಗ್ ಕಲಿಯುತ್ತೇನೆ ಎಂದರೆ ಹೆದರಬೇಡಿ. ಮೊದಲು ರೇಂಜಿಗೆ ಹೋಗಿ ಒಂದು ಗಂಟೆ ಸುಮ್ಮನೆ ಕುಳಿತು ನೋಡಿ. ನಳಿಗೆ ಸದಾ ಗುರಿಯ ಕಡೆಗೇ ಇದೆಯೇ? ಕೆಳಗಿಟ್ಟ ರೈಫಲಿನ ನಳಿಗೆಯಲ್ಲಿ, ಖಾಲಿ ಎಂದು ತೋರಿಸುವ ಬಣ್ಣದ ಎಳೆ ಇದೆಯೇ? "ಸ್ಟಾಪ್" ಎಂದ ಕೂಡಲೇ ಎಲ್ಲರೂ ನಿಲ್ಲಿಸುತ್ತಾರೆಯೇ? ಇವು ಮೂರೂ ಇದ್ದರೆ ಧೈರ್ಯವಾಗಿ ಸೇರಿಸಿ. ಅಂಕ ಆಮೇಲೆ ಬರುತ್ತದೆ.

ಅಂದ ಹಾಗೆ, ಅಂದು ಹಿಂದಿನಿಂದ ಕರೆದವರು ಧಾರವಾಡದವರು. ಈಗ ಒಳ್ಳೆಯ ಗೆಳೆಯರು. ಇಂದಿಗೂ ನನ್ನ ಕೈಯಲ್ಲಿ ರೈಫಲ್ ಇದ್ದರೆ ಮಾತಾಡಿಸುವುದಿಲ್ಲ. ಕೆಳಗಿಟ್ಟ ಮೇಲೆಯೇ, "ಏನ್ರೀ, ಚಹಾ ಕುಡಿಯೋಣೇನು?" ಎನ್ನುತ್ತಾರೆ.