ಮೂರನೇ ಡೋಸ್ ಯಾಕೆ ತಪ್ಪುತ್ತೆ?

ಇವತ್ತು ಕೆಲಸದ ಜಾಗದಲ್ಲಿ ಹಾಕೋ ಲಸಿಕೆ ಬಗ್ಗೆ ಮಾತಾಡ್ತೀನಿ. ಕೊರೊನಾ ಅಲ್ಲ, ಹೆಪಟೈಟಿಸ್ ಬಿ.

ಆಸ್ಪತ್ರೆಯ ಕಸ ತೆಗೆಯೋ ಅಕ್ಕನಿಗೆ ಬಳಸಿದ ಸೂಜಿ ಚುಚ್ಚಿದ್ರೆ ಲಿವರ್ ಹಾಳು ಮಾಡೋ ಈ ವೈರಸ್ ಹರಡಬಹುದು. ಅದಕ್ಕೇ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ, ಈ ಕಸ ಮುಟ್ಟೋ ಎಲ್ಲರಿಗೂ ಹೆಪಟೈಟಿಸ್ ಬಿ ಮತ್ತು ಟೆಟನಸ್ ಲಸಿಕೆ ಹಾಕಿಸೋದು ಆಸ್ಪತ್ರೆಯ ಹೊಣೆ.

ಬಿ.ಕಾಂ. ಓದಿರೋ ನಾನು ಲೆಕ್ಕ ನೋಡ್ತೀನಿ. ಸಾಮಾನ್ಯವಾಗಿ 3 ಡೋಸ್: ಇವತ್ತೊಂದು, 1 ತಿಂಗಳಿಗೊಂದು, 6 ತಿಂಗಳಿಗೊಂದು. ಕಾಂಟ್ರ್ಯಾಕ್ಟ್ ಕೆಲಸ ಅಲ್ಲೀವರೆಗೂ ಇರುತ್ತಾ? ಏಜೆನ್ಸಿ ಬದಲಾದ್ರೆ ಕಾರ್ಡ್ ಯಾರ ಹತ್ರ? ರಾತ್ರಿ ಪಾಳಿ ಮುಗಿಸಿದವರು ಬೆಳಿಗ್ಗೆ 11ರ ಕ್ಯಾಂಪ್‌ಗೆ ಕಾಯ್ತಾರಾ?

ಬರದಿದ್ರೆ "ಅವರಿಗೆ ಅರಿವಿಲ್ಲ" ಅಂದುಬಿಡ್ತೀವಿ. ನನಗೆ ಕಾಣೋದು ವ್ಯವಸ್ಥೆಯ ಕೊರತೆ. ಲಸಿಕೆ ಪಾಳಿಯ ಸಮಯದಲ್ಲೇ ಸಿಗಲಿ, ಕಾರ್ಡ್ ಕಾರ್ಮಿಕರ ಕೈಲೇ ಇರಲಿ.

ನಿಮ್ಮ ಮನೇಲಿ ಯಾರಾದ್ರೂ ಆಸ್ಪತ್ರೆ ಹೌಸ್‌ಕೀಪಿಂಗ್‌ನಲ್ಲಿದ್ರೆ ಇವತ್ತೇ ಕೇಳಿ, ಎಷ್ಟು ಡೋಸ್ ಆಯ್ತು ಅಂತ. ಮಧ್ಯದಲ್ಲಿ ನಿಂತಿದ್ರೂ ಮೊದಲಿಂದ ಶುರು ಮಾಡಬೇಕಿಲ್ಲ. ಉಳಿದ ಡೋಸ್ ಹಾಕಿಸಿಕೊಂಡ್ರೆ ಸಾಕು.