ಎಂಜಿನಿನ ಎಣ್ಣೆ, ನಮ್ಮ ಅನ್ನ
(ಸಂಘದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಇಂದು ಪಗಾರ, ಬೋನಸ್ಸು, ರಜೆಗಳ ಮಾತನ್ನು ನಾವು ಎತ್ತುವುದಿಲ್ಲ. ಮೋಟಾರು ಗಾಡಿಯ ಎಂಜಿನಿನ ಎಣ್ಣೆಯನ್ನೂ ಅದರ ಫಿಲ್ಟರನ್ನೂ ನಮ್ಮ ಕೈಯಿಂದಲೇ ಬದಲಾಯಿಸುವುದು ಹೇಗೆ ಎಂಬುದೇ ಇಂದಿನ ವಿಷಯ. ಇದೇನು ಕಾರ್ಮಿಕ ಸಂಘದಲ್ಲಿ ಆಡತಕ್ಕ ಮಾತೇ ಎಂದು ಕೆಲವರು ಕೇಳಬಹುದು. ಆಡತಕ್ಕದ್ದೇ ಎಂದು ನಮ್ಮ ಅಭಿಪ್ರಾಯ.

1982ರ ಜನವರಿ 18ರಂದು ಈ ಮುಂಬಯಿಯಲ್ಲಿ ಗಿರಣಿ ಮುಷ್ಕರ ಆರಂಭವಾಯಿತು. ಆ ಮೇಲೆ ಎಷ್ಟೋ ಗಿರಣಿಗಳ ಭೋಂಗಾ ಮತ್ತೆ ಕೂಗಲೇ ಇಲ್ಲ. ಕೆಲಸ ಹೋದವರಲ್ಲಿ ಕೆಲವರು ಊರಿಗೆ ಮರಳಿದರು, ಕೆಲವರು ಟ್ಯಾಕ್ಸಿಯ ಸ್ಟೇರಿಂಗು ಹಿಡಿದರು. ಹೋಟೆಲಿನಲ್ಲಿ ತಟ್ಟೆ ಲೋಟ ತೊಳೆದು ಬೆಳೆದ ನಮ್ಮ ಹುಡುಗರಲ್ಲಿಯೂ ಹಲವರು ಸಾಲ ತೆಗೆದು ಹಳೆಯ ಗಾಡಿ ಕೊಂಡು ಬಾಡಿಗೆಗೆ ಓಡಿಸುತ್ತಿದ್ದಾರೆ. ಅಂಥವನ ಗಾಡಿಯ ಎಂಜಿನು ಕಂತು ತೀರುವ ಮೊದಲೇ ಜಾಮಾದರೆ ಅವನ ಗತಿಯೇನು? ಊರಿಗೆ ಹೋಗಬೇಕಾದ ಹಣ ಗ್ಯಾರೇಜಿಗೆ ಹೋಗುತ್ತದೆ. ಗಾಡಿ ನಿಂತಷ್ಟು ದಿನ ಗಳಿಕೆಯೂ ನಿಲ್ಲುತ್ತದೆ. ಆದುದರಿಂದ ಇದು ನಮ್ಮ ಅನ್ನದ ಪ್ರಶ್ನೆ.

ಎಂಜಿನಿನೊಳಗೆ ಎಣ್ಣೆಗೆ ನಾಲ್ಕು ಕೆಲಸ. ಲೋಹಕ್ಕೂ ಲೋಹಕ್ಕೂ ನಡುವೆ ತೆಳುವಾದ ಪದರವಾಗಿ ನಿಂತು ಉಜ್ಜುವಿಕೆಯನ್ನು ತಡೆಯುವುದು ಮೊದಲನೆಯದು. ಶಾಖವನ್ನು ಹೊತ್ತೊಯ್ಯುವುದು ಎರಡನೆಯದು. ಮಸಿ ಮತ್ತು ಲೋಹದ ಪುಡಿಯನ್ನು ತನ್ನೊಳಗೆ ಹಿಡಿದುಕೊಳ್ಳುವುದು ಮೂರನೆಯದು. ತುಕ್ಕು ಹಿಡಿಯದಂತೆ ಕಾಯುವುದು ನಾಲ್ಕನೆಯದು. ಗಿರಣಿಯಲ್ಲಿ ದುಡಿದ ಹಿರಿಯರಿಗೆ ಇದನ್ನು ಹೆಚ್ಚು ಹೇಳಬೇಕಾಗಿಲ್ಲ. ಸರಿಯಾದ ವೇಳೆಗೆ ಎಣ್ಣೆ ಕಾಣದ ಯಂತ್ರ ಹೇಗೆ ಕಿರುಚುತ್ತದೆಂದು ಅವರ ಕಿವಿಗೆ ಗೊತ್ತು.

ಹೋಟೆಲಿನವರಿಗೆ ಬೇರೆ ಉದಾಹರಣೆಯಿದೆ. ಬಾಣಲೆಯ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿದರೆ ಅದು ದಪ್ಪವಾಗಿ, ನೊರೆಗಟ್ಟಿ, ವಡೆಯನ್ನೇ ಕೆಡಿಸುತ್ತದೆ. ಅದಕ್ಕೂ ಸರಕಾರ ಒಂದು ಮಿತಿ ಹಾಕಿದೆ. 2018ರ ಜುಲೈ 1ರಿಂದ, ಕೆಟ್ಟ ಅಂಶ ನೂರಕ್ಕೆ 25ನ್ನು ಮೀರಿದ ಕರಿದ ಎಣ್ಣೆಯನ್ನು ಅಡಿಗೆಗೆ ಬಳಸಕೂಡದು. ಎಂಜಿನಿನ ಎಣ್ಣೆಯೂ ಹಾಗೆಯೇ ಕಾದು ಕಾದು ಸತ್ವ ಕಳೆದುಕೊಳ್ಳುತ್ತದೆ. ಆದರೆ ಒಂದು ಎಚ್ಚರಿಕೆ: ಇಲ್ಲಿ ಬಣ್ಣವನ್ನು ನಂಬಬಾರದು. ಡೀಸೆಲ್ ಗಾಡಿಯಲ್ಲಿ ಹೊಸ ಎಣ್ಣೆಯೂ ಬೇಗನೆ ಕಪ್ಪಾಗುತ್ತದೆ. ಸಿ.ಎನ್.ಜಿ. ಗಾಡಿಯಲ್ಲಿ ಮಸಿ ಕಡಿಮೆಯಾದುದರಿಂದ ಸವೆದ ಎಣ್ಣೆಯೂ ತಿಳಿಯಾಗಿಯೇ ಕಾಣುತ್ತದೆ. ಲೆಕ್ಕವನ್ನು ಕಿಲೋಮೀಟರಿನಿಂದಲೂ ತಾರೀಖಿನಿಂದಲೂ ಇಡಬೇಕು. ಈಗಿನ ಹಲವು ಸಣ್ಣ ಕಾರುಗಳಿಗೆ 10,000 ಕಿಲೋಮೀಟರು ಅಥವಾ ಒಂದು ವರ್ಷ, ಯಾವುದು ಮೊದಲೋ ಅದು, ಎಂದು ಪುಸ್ತಕದಲ್ಲಿ ಬರೆದಿರುತ್ತದೆ. ಧೂಳಿನಲ್ಲಿ, ಸಿಗ್ನಲಿನಿಂದ ಸಿಗ್ನಲಿಗೆ ನಿಂತು ನಿಂತು ಓಡುವ ಬಾಡಿಗೆ ಗಾಡಿಗೆ ಇನ್ನೂ ಮೊದಲೇ ಬದಲಾಯಿಸುವುದು ಕ್ಷೇಮ.

ಯಾವ ಎಣ್ಣೆ? ಡಬ್ಬದ ಮೇಲೆ 5ಡಬ್ಲ್ಯೂ-30, 20ಡಬ್ಲ್ಯೂ-40 ಎಂಬಂಥ ಅಂಕಿಗಳಿರುತ್ತವೆ. ಮೊದಲನೆಯ ಅಂಕಿ ಚಳಿಯಲ್ಲಿ ಎಣ್ಣೆ ಎಷ್ಟು ಸಲೀಸಾಗಿ ಹರಿಯುತ್ತದೆಂಬುದನ್ನೂ, ಎರಡನೆಯದು ಕಾದಾಗ ಎಷ್ಟು ಮಂದವಾಗಿ ಉಳಿಯುತ್ತದೆಂಬುದನ್ನೂ ತಿಳಿಸುತ್ತದೆ. ಮಂದವಾದಷ್ಟೂ ಒಳ್ಳೆಯದೆಂಬ ಮಾತು ನಿಜವಲ್ಲ. ಹೊಸ ಎಂಜಿನುಗಳ ಸಂದು ಬಹಳ ಕಿರಿದು. ಅವಕ್ಕೆ ತೆಳು ಎಣ್ಣೆಯೇ ಬೇಕು. ಗಾಡಿಯ ಪುಸ್ತಕ ಹೇಳಿದ್ದನ್ನೇ ಹಾಕಿರಿ. ಇಂಗ್ಲಿಷು ಓದಲು ಬಾರದವರು ಸಂಘದ ಕಚೇರಿಗೆ ಪುಸ್ತಕ ತನ್ನಿರಿ, ಕೂಡಿ ಓದೋಣ. ಗಾಡಿ ಇನ್ನೂ ಕಂಪನಿಯ ವಾರಂಟಿಯಲ್ಲಿದ್ದರೆ ಈ ಕೆಲಸವನ್ನು ಕಂಪನಿಯ ಸರ್ವಿಸಿನಲ್ಲಿಯೇ ಮಾಡಿಸಿ ಬಿಲ್ಲನ್ನು ಜೋಪಾನ ಮಾಡಿರಿ.

ಇನ್ನು ಕೆಲಸದ ಕ್ರಮ. ಬೇಕಾಗುವ ಸಾಮಾನು ಇಷ್ಟು: ಪುಸ್ತಕ ಹೇಳಿದಷ್ಟು ಎಣ್ಣೆ (ಸಣ್ಣ ಕಾರಿಗೆ ಸುಮಾರು 3 ಲೀಟರು), ಆ ಗಾಡಿಗೆ ಹೊಂದುವ ಫಿಲ್ಟರು, ಡ್ರೇನ್ ನಟ್ಟಿಗೆ ಹೊಸ ವಾಷರು, ಸರಿಯಾದ ಅಳತೆಯ ಪಾನಾ, ಫಿಲ್ಟರು ಬಿಚ್ಚುವ ಪಟ್ಟಿ ಪಾನಾ, ಅಗಲವಾದ ತಟ್ಟೆ, ಆಲಿಕೆ, ಚಿಂದಿ ಬಟ್ಟೆ, ರಬ್ಬರಿನ ಕೈಚೀಲ.

ಗಾಡಿಯನ್ನು ಸಮತಟ್ಟಾದ ಗಟ್ಟಿ ನೆಲದ ಮೇಲೆ ನಿಲ್ಲಿಸಿರಿ. ರಸ್ತೆಯ ಅಂಚು ಬೇಡ. ಸೊಸೈಟಿಯ ಅಂಗಳವಾದರೆ ಮೊದಲೇ ಅಪ್ಪಣೆ ಕೇಳಿರಿ. ಎಂಜಿನನ್ನು ಐದು ನಿಮಿಷ ಮಾತ್ರ ಓಡಿಸಿ ನಿಲ್ಲಿಸಿರಿ. ಬೆಚ್ಚಗಾದ ಎಣ್ಣೆ ಕೊಳೆಯೊಡನೆ ಚೆನ್ನಾಗಿ ಇಳಿಯುತ್ತದೆ. ಕುದಿಯುವಷ್ಟು ಕಾದರೆ ಕೈ ಸುಡುತ್ತದೆ. ಹ್ಯಾಂಡ್ ಬ್ರೇಕು ಎಳೆದು, ಗೇರಿಗೆ ಹಾಕಿ, ನೆಲದ ಮೇಲಿರುವ ಗಾಲಿಗಳ ಹಿಂದೆ ಮುಂದೆ ಕಲ್ಲು ಕೊಡಿರಿ.

ಬಂಧುಗಳೇ, ಇದನ್ನು ಮರೆಯಬೇಡಿರಿ: ಬರೀ ಜ್ಯಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಎಂದಿಗೂ ನುಸಿಯಕೂಡದು. ಜ್ಯಾಕು ಇರುವುದು ಗಾಲಿ ಬದಲಾಯಿಸಲು. ಅದು ಜಾರಿದರೆ ಕೂಗಲೂ ವೇಳೆ ಸಿಗದು. ಗಾಡಿಯನ್ನು ಎತ್ತಿದ ಮೇಲೆ ಕಬ್ಬಿಣದ ಸ್ಟ್ಯಾಂಡುಗಳನ್ನು ಕೊಟ್ಟು, ಭಾರ ಅದರ ಮೇಲೆ ಕೂತಿದೆಯೆಂದು ಅಲುಗಾಡಿಸಿ ನೋಡಿಯೇ ಕೆಳಗೆ ಹೋಗಬೇಕು. ಇಟ್ಟಿಗೆಯ ರಾಶಿ ಸ್ಟ್ಯಾಂಡಲ್ಲ. ಸ್ಟ್ಯಾಂಡು ಇಲ್ಲವಾದರೆ ಆ ದಿನ ಕೆಲಸವೇ ಬೇಡ. ಒಬ್ಬರೇ ಮಾಡುವುದೂ ಬೇಡ. ಜೊತೆಗೊಬ್ಬ ಸಂಗಾತಿ ಇರಲಿ.

ಮೇಲೆ ಎಣ್ಣೆ ಹಾಕುವ ಮುಚ್ಚಳ ತೆಗೆಯಿರಿ. ಕೆಳಗೆ ತಟ್ಟೆ ಇಟ್ಟು ಡ್ರೇನ್ ನಟ್ಟನ್ನು ಎಡಕ್ಕೆ ತಿರುಗಿಸಿ ಬಿಚ್ಚಿರಿ. ಹತ್ತು ಹದಿನೈದು ನಿಮಿಷ ಎಣ್ಣೆ ಇಳಿಯಲಿ. ಹೊಸ ವಾಷರು ಹಾಕಿ ನಟ್ಟನ್ನು ಮೊದಲು ಬೆರಳಿನಿಂದಲೇ ಕೂಡಿಸಿ, ಆ ಮೇಲೆ ಪಾನಾದಿಂದ ಬಿಗಿಯಿರಿ. ಮೈಬಲವನ್ನೆಲ್ಲ ಹಾಕಿದರೆ ಎಳೆ ಸವೆದು ಎಣ್ಣೆಯ ತೊಟ್ಟಿಯೇ ಹಾಳಾದೀತು. ಬಳಿಕ ಹಳೆಯ ಫಿಲ್ಟರನ್ನು ಬಿಚ್ಚಿರಿ. ಅದರ ರಬ್ಬರು ಬಳೆ ಎಂಜಿನಿಗೇ ಅಂಟಿಕೊಂಡು ಉಳಿದಿಲ್ಲವಷ್ಟೆ ಎಂದು ಬೆರಳಾಡಿಸಿ ನೋಡಿರಿ. ಬಳೆಯ ಮೇಲೆ ಬಳೆ ಕೂತರೆ ಗಾಡಿ ಹೊರಟೊಡನೆ ಎಣ್ಣೆಯೆಲ್ಲ ಸೋರಿಹೋಗುತ್ತದೆ. ಹೊಸ ಫಿಲ್ಟರಿನ ಬಳೆಗೆ ಹೊಸ ಎಣ್ಣೆ ಸವರಿ ಕೈಯಿಂದ ತಿರುಗಿಸಿರಿ. ಬಳೆ ತಾಗಿದ ಮೇಲೆ ಇನ್ನು ಮುಕ್ಕಾಲು ಸುತ್ತಿನಷ್ಟು ಸಾಕು. ಫಿಲ್ಟರಿನ ಮೇಲೆಯೇ ಬೇರೆ ಅಳತೆ ಬರೆದಿದ್ದರೆ ಅದರಂತೆ ಮಾಡಿರಿ.

ಹೊಸ ಎಣ್ಣೆಯನ್ನು ಒಮ್ಮೆಗೇ ಪೂರ್ತಿ ಸುರಿಯದೆ ಅರ್ಧ ಲೀಟರು ಉಳಿಸಿಕೊಳ್ಳಿರಿ. ಮುಚ್ಚಳ ಹಾಕಿ ಎಂಜಿನು ಚಾಲೂ ಮಾಡಿದರೆ ಕೆಲವೇ ಸೆಕೆಂಡಿನಲ್ಲಿ ಎಣ್ಣೆಯ ಕೆಂಪು ದೀಪ ಆರಬೇಕು. ಆರದಿದ್ದರೆ ಕೂಡಲೇ ನಿಲ್ಲಿಸಿರಿ. ಆರಿದರೆ ಒಂದೆರಡು ನಿಮಿಷ ಓಡಿಸಿ, ನಟ್ಟಿನಲ್ಲಿಯೂ ಫಿಲ್ಟರಿನಲ್ಲಿಯೂ ಸೋರಿಕೆ ಇದೆಯೇ ಎಂದು ನೋಡಿರಿ. ಎಂಜಿನು ನಿಲ್ಲಿಸಿ, ಗಾಡಿಯನ್ನು ನೆಲಕ್ಕಿಳಿಸಿ, ಐದು ನಿಮಿಷ ಬಿಟ್ಟು ಅಳತೆ ಕಡ್ಡಿಯನ್ನು ಒರೆಸಿ ಅದ್ದಿ ತೆಗೆಯಿರಿ. ಎರಡು ಗೆರೆಗಳ ನಡುವೆ, ಮೇಲಿನ ಗೆರೆಯ ಹತ್ತಿರ ಎಣ್ಣೆ ನಿಲ್ಲಬೇಕು. ಕಡಿಮೆಯಾದರೂ ಕೆಡುಕು, ಹೆಚ್ಚಾದರೂ ಕೆಡುಕು. ತಾರೀಖು ಮತ್ತು ಕಿಲೋಮೀಟರನ್ನು ಬರೆದಿಡಿರಿ.

ಉಳಿದದ್ದು ತಟ್ಟೆಯಲ್ಲಿರುವ ಕರಿ ಎಣ್ಣೆ. ಅದನ್ನು ಮೋರಿಗೆ ಸುರಿದರೆ ಕೆಲಸ ಮುಗಿಯಿತೆಂದು ಯಾರೂ ತಿಳಿಯಬಾರದು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರು ಮಳೆ ಸುರಿದುದನ್ನು ನೆನೆಯಿರಿ. ಅಂದು ಮೋರಿಯಲ್ಲಿದ್ದುದೆಲ್ಲ ಬಡವರ ಕೋಣೆಗೇ ಬಂತು. ಮಾಳಿಗೆಯ ಮೇಲಿನವರ ಮನೆಗೆ ಹೋಗಲಿಲ್ಲ. ನಾವು ಚೆಲ್ಲಿದ್ದು ನಮ್ಮ ಮಕ್ಕಳ ಕಾಲಿಗೇ ಅಂಟುತ್ತದೆ. ಬಳಸಿದ ಎಣ್ಣೆ ಕಾಯಿದೆಯ ಪ್ರಕಾರ ಅಪಾಯಕಾರಿ ತ್ಯಾಜ್ಯ. ಅದನ್ನು ಶುದ್ಧಿಮಾಡಿ ಮತ್ತೆ ಬಳಸಲು ಬರುತ್ತದೆ. ಹಾಗೆ ಮಾಡಿಸುವ ಹೊಣೆಯನ್ನು ಎಣ್ಣೆ ತಯಾರಿಸುವವರ ಮೇಲೆ ಹೊರಿಸುವ ನಿಯಮ 2024ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಕರಿ ಎಣ್ಣೆಯನ್ನು ಮುಚ್ಚಳವಿರುವ ಡಬ್ಬದಲ್ಲಿ ತುಂಬಿ, ಸರಿಯಾದ ಮರುಬಳಕೆದಾರರಿಗೆ ಒಪ್ಪಿಸುವ ಸರ್ವಿಸ್ ಸ್ಟೇಷನ್ನಿಗೆ ಕೊಡಿರಿ. ತಿಂಡಿಯ ಎಣ್ಣೆಯ ಡಬ್ಬದಲ್ಲಿ ಮಾತ್ರ ತುಂಬಬೇಡಿರಿ. ಕತ್ತಲೆಯಲ್ಲಿ ಯಾರ ಕೈ ಎಲ್ಲಿ ಹೋದೀತೋ ಹೇಳಲಾಗದು. ಅದು ಮೈಗೆ ಮತ್ತೆ ಮತ್ತೆ ತಾಗಿದರೆ ಚರ್ಮರೋಗಕ್ಕೆ ದಾರಿ. ಕೈಯನ್ನು ಸೀಮೆಎಣ್ಣೆಯಿಂದಲ್ಲ, ಸಾಬೂನಿನಿಂದ ತೊಳೆಯಿರಿ. ಹೊಸ ಎಣ್ಣೆಯ ಖಾಲಿ ಡಬ್ಬವನ್ನು ಕುಯ್ದು ಬಿಸಾಡಿರಿ. ಇಡೀ ಡಬ್ಬ ಗುಜರಿಗೆ ಹೋದರೆ ಅದರಲ್ಲಿ ಕಲಬೆರಕೆ ಎಣ್ಣೆ ತುಂಬಿ ಇನ್ನೊಬ್ಬ ಚಾಲಕನಿಗೆ ಮಾರುವವರಿದ್ದಾರೆ.

ಇದರಿಂದ ಗ್ಯಾರೇಜಿನ ಹುಡುಗನ ಹೊಟ್ಟೆಯ ಮೇಲೆ ಹೊಡೆದಂತಾಗುವುದಿಲ್ಲವೇ ಎಂದು ಕೇಳುವವರಿಗೂ ಉತ್ತರ ಹೇಳಬೇಕು. ಅವನೂ ನಮ್ಮಂತೆಯೇ ಕೂಲಿಯವನು. ವೇಳೆಯಿಲ್ಲದವರು, ಸ್ಥಳವಿಲ್ಲದವರು ಅವನ ಹತ್ತಿರವೇ ಹೋಗಿ ನ್ಯಾಯವಾದ ಮಜೂರಿ ಕೊಡಿರಿ. ಆದರೆ ಕೆಲಸ ಬಲ್ಲವನಾಗಿ ಎದುರು ನಿಂತು ಮಾಡಿಸಿರಿ. ಹಾಕದ ಎಣ್ಣೆಗೆ, ಬದಲಾಯಿಸದ ಫಿಲ್ಟರಿಗೆ ಬಿಲ್ಲು ಮಾಡುವ ಮಾಲಿಕನಿದ್ದರೆ ಅವನಿಗೆ ತಡೆ ನಮ್ಮ ತಿಳಿವಳಿಕೆಯೊಂದೇ.

ಕೊನೆಯದಾಗಿ ಒಂದು ಸೂಚನೆಯನ್ನು ಸಭೆಯ ಮುಂದಿಡುತ್ತೇವೆ. ಎರಡು ಜೊತೆ ಸ್ಟ್ಯಾಂಡು, ಒಂದು ಪಟ್ಟಿ ಪಾನಾ, ಒಂದು ಪಾನಾ ಸೆಟ್ಟು, ಒಂದು ತಟ್ಟೆ, ಕರಿ ಎಣ್ಣೆಗೊಂದು ಪೀಪಾಯಿ: ಒಬ್ಬೊಬ್ಬರೂ ಕೊಳ್ಳಹೋದರೆ ಭಾರ, ಗಾಡಿಯಿರುವ ಸದಸ್ಯರೆಲ್ಲ ವಂತಿಗೆ ಹಾಕಿ ಸಂಘದಲ್ಲಿಟ್ಟರೆ ಹಗುರ. ರಜೆಯ ದಿನ ಬಲ್ಲವರು ಕಲಿಯುವವರಿಗೆ ಕೈಹಿಡಿದು ತೋರಿಸಲಿ. ರಾತ್ರಿಶಾಲೆಯಲ್ಲಿ ಅಕ್ಷರ ಕಲಿತವರು ನಾವು; ಇದನ್ನೂ ಹಾಗೆಯೇ ಕಲಿಯಬಲ್ಲೆವು. ಸೂಚನೆಯನ್ನು ಒಪ್ಪುವವರು ಇಂದೇ ಕಾರ್ಯದರ್ಶಿಗಳಲ್ಲಿ ಹೆಸರು ಬರೆಯಿಸಬೇಕೆಂದು ಬೇಡಿಕೊಂಡು ನಮ್ಮ ಮಾತನ್ನು ಮುಗಿಸುತ್ತೇವೆ.